ಎಸ್ಸಿಟಾಲೋಪ್ರಾಮ್, ಆರು ವರ್ಷದ ಬಳಕೆ: ಕಷ್ಟವೆಲ್ಲ ಕೊನೆಯ 5 ಮಿಲಿಗ್ರಾಂನಲ್ಲಿದೆ

ಎಸ್ಸಿಟಾಲೋಪ್ರಾಮ್ ಅನ್ನುವ ಈ ಖಿನ್ನತೆಯ ಮಾತ್ರೆಯಿಂದ ಶುರುವಿನಲ್ಲಿ ಹೊಟ್ಟೆ ತೊಳಸುತ್ತದಾ, ಎಷ್ಟು ವಾರಕ್ಕೆ ಕೆಲಸ ಮಾಡುತ್ತದೆ ಅನ್ನುವುದನ್ನು ನೀವು ಈಗಾಗಲೇ ಓದಿರುತ್ತೀರಿ. ಅದನ್ನು ಬಿಡುತ್ತೇನೆ. ಖಿನ್ನತೆಗೆ ದಿನಕ್ಕೆ 10 ಮಿಲಿಗ್ರಾಂ ತೆಗೆದುಕೊಂಡೆ. ಎರಡನೇ ತಿಂಗಳ ಹೊತ್ತಿಗೆ, ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದಷ್ಟು ಅನ್ನಿಸುವುದು ನಿಂತಿತು. ಅದಕ್ಕೆ ನಾನು ಈ ಮಾತ್ರೆಗೆ ಋಣಿ. ನನ್ನ ಸಿಟ್ಟೆಲ್ಲ ಅದನ್ನು ಬಿಡಿಸುವ ರೀತಿಯ ಮೇಲೆ.

ಮೂರನೇ ವರ್ಷ ಮೊದಲ ಸಲ ಬಿಟ್ಟೆ. ಎರಡು ವಾರ ಅರ್ಧ ಮಾತ್ರೆ, ಆಮೇಲೆ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿ ಅಂದಿದ್ದರು ಆಗಿನ ಡಾಕ್ಟರು. ನಿಲ್ಲಿಸಿದ ಮೂರನೇ ದಿನ ಶುರುವಾಯಿತು. ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಂ ಅನ್ನುತ್ತಿತ್ತು. ತಲೆಸುತ್ತು, ಸುಮ್ಸುಮ್ನೆ ಸಿಡಿಮಿಡಿ, ಬೆವರಿ ಎಚ್ಚರವಾಗುವಂಥ ಕನಸುಗಳು. ಎರಡು ವಾರ ತಡೆದುಕೊಂಡು ಹೋದಾಗ, ಕಾಯಿಲೆ ವಾಪಸ್ ಬಂದಿದೆ, ನಿಮಗೆ ಇದು ಬೇಕೇ ಬೇಕು ಅಂದರು. ಮತ್ತೆ ಮಾತ್ರೆ ನುಂಗಿದೆ. ಎರಡೇ ದಿನದಲ್ಲಿ ಎಲ್ಲ ಮಾಯ.

ಆಗಲೇ ಅನುಮಾನ ಬಂದಿದ್ದು. ಮೊದಲ ಸಲ ಖಿನ್ನತೆ ಇಳಿಯಲು ಆರು ವಾರ ಹಿಡಿದಿತ್ತು. ಎರಡು ದಿನದಲ್ಲಿ ಹೋಗಿದ್ದು ಖಿನ್ನತೆ ಹೇಗಾಗುತ್ತದೆ? ಅದು ಮಾತ್ರೆ ಬಿಟ್ಟಿದ್ದಕ್ಕೆ ದೇಹ ತೋರಿಸಿದ ತಕರಾರು. ಇದನ್ನು ಒಂದು ವರ್ಷ ತಡವಾಗಿ ತಿಳಿದುಕೊಂಡೆ, ಆ ಒಂದು ವರ್ಷದ ಬೇಜಾರು ಇನ್ನೂ ಇದೆ.

ದಿನ ಬಿಟ್ಟು ದಿನ ಅನ್ನುವ ಲೆಕ್ಕವೂ ಸರಿಯಿರಲಿಲ್ಲ. ಈ ಔಷಧಿ ಸುಮಾರು 30 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಒಂದು ದಿನ ಬಿಟ್ಟರೆ ಏರಿಳಿತವೇ ಜಾಸ್ತಿ. ಅದಕ್ಕಿಂತ ದೊಡ್ಡ ವಿಷಯ 'ಲ್ಯಾನ್ಸೆಟ್ ಸೈಕಿಯಾಟ್ರಿ' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ ಬಂದ ಒಂದು ಲೇಖನದಲ್ಲಿತ್ತು. ಮಾಮೂಲಿ ಕನಿಷ್ಠ ಡೋಸ್‌ನಲ್ಲೇ ಈ ಜಾತಿಯ ಮಾತ್ರೆ ಮೆದುಳಿನಲ್ಲಿ ಮಾಡುವ ಕೆಲಸ ಸುಮಾರು ಶೇ. 80ರಷ್ಟು ಮುಗಿದಿರುತ್ತದೆ. ಡೋಸ್ ಅರ್ಧ ಮಾಡಿದರೆ ಪರಿಣಾಮ ಅರ್ಧವಾಗುವುದಿಲ್ಲ, ಸ್ವಲ್ಪವೇ ಇಳಿಯುತ್ತದೆ. ಅಸಲಿ ಇಳಿಜಾರು ಇರುವುದು ಕೆಳಗೆ, ಚಿಕ್ಕ ಡೋಸ್‌ಗಳಲ್ಲಿ. 5ರಿಂದ ಸೊನ್ನೆಗೆ ಹೋದ ನಾನು ಮೆಟ್ಟಿಲು ಇಳಿದಿರಲಿಲ್ಲ, ಮಹಡಿಯಿಂದಲೇ ಹಾರಿದ್ದೆ.

ಎರಡನೇ ಸಲ ಡಾಕ್ಟರನ್ನು ಬದಲಿಸಿದೆ. ಇವರು ದ್ರವ ರೂಪದ್ದು ಬರೆದುಕೊಟ್ಟರು, ಒಂದು ಎಂ.ಎಲ್.ಗೆ 1 ಮಿಲಿಗ್ರಾಂ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಸೂಜಿಯಿಲ್ಲದ ಸಿರಿಂಜ್ ಹಿಡಿದು ದೀಪದ ಕೆಳಗೆ ನಿಲ್ಲುತ್ತಿದ್ದೆ. ಗೆರೆಗಿಂತ ತುಸು ಮೇಲಕ್ಕೆಳೆದು, ಗುಳ್ಳೆ ಹೋಗುವವರೆಗೆ ಬೆರಳಿನಿಂದ ತಟ್ಟಿ, ಆಮೇಲೆ ಗೆರೆಗೆ ಸರಿಯಾಗಿ ತಂದು ನಿಲ್ಲಿಸಬೇಕು. ಪುಸ್ತಕದಲ್ಲಿ ತಾರೀಕು, ಅಳತೆ, ನಿದ್ದೆ ಹೇಗಿತ್ತು ಎಂದು ಒಂದು ಸಾಲು. ಇಳಿಸಿದ ಮೇಲೆ ನಾಲ್ಕು ವಾರ ಅಲ್ಲೇ ನಿಲ್ಲುವುದು, ತೊಂದರೆ ಕೊಟ್ಟರೆ ಇನ್ನೂ ನಾಲ್ಕು ವಾರ. ಹದಿನಾಲ್ಕು ತಿಂಗಳು ಹಿಡಿಯಿತು. ಆ ಎರಡು ನಿಮಿಷ ನನಗೆ ತುಂಬಾ ಇಷ್ಟವಾಗಿಬಿಟ್ಟಿತ್ತು. ದಿನದಲ್ಲಿ ನನ್ನನ್ನೇ ಹೇಗಿದ್ದೀಯ ಎಂದು ಕೇಳಿಕೊಳ್ಳುತ್ತಿದ್ದದ್ದು ಆಗ ಮಾತ್ರ.

3 ಮಿಲಿಗ್ರಾಂ ಹತ್ತಿರ ಬಂದಾಗ ಒಂದು ದಿನ, ಪಕ್ಕದ ಮನೆಯ ಮಗು ತಪ್ಪುತಪ್ಪಾಗಿ ಹಾಡುವುದನ್ನು ಕೇಳಿ ಅತ್ತೆ. ನಾಲ್ಕು ವರ್ಷಕ್ಕೂ ಮೇಲೆ ನನಗೆ ಅಳು ಬಂದಿರಲಿಲ್ಲ. ದುಃಖವಿತ್ತು, ಕಣ್ಣೀರಿರಲಿಲ್ಲ. ಅಷ್ಟು ಸಂತೋಷವಾಯಿತು.

ಸೊನ್ನೆಗೆ ಬಂದಾಗ ತಲೆಯೊಳಗಿನ ಕರೆಂಟ್ ಎರಡೋ ಮೂರೋ ಸಲ ಬಂದಿರಬಹುದು, ಅಷ್ಟೇ. ಗೆದ್ದೆ ಅಂದುಕೊಂಡೆ. ಐದನೇ ತಿಂಗಳಲ್ಲಿ ಅದು ಬಂತು, ಬೇರೆಯೇ ರೀತಿಯಲ್ಲಿ. ತಲೆಸುತ್ತಿಲ್ಲ, ಝುಂ ಇಲ್ಲ. ಫೋನ್ ಎತ್ತಲು ಮನಸ್ಸಿಲ್ಲ. ಸ್ನಾನ ನಾಳೆಗೆ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರ. ವಾರದಿಂದ ವಾರಕ್ಕೆ ಒಂದಿಷ್ಟೇ ಭಾರ. ಈ ಸಲ ಯಾರೂ ಹೇಳಬೇಕಾಗಿರಲಿಲ್ಲ, ನನಗೇ ಗುರುತು ಸಿಕ್ಕಿತು. ಇದು ಖಿನ್ನತೆಯೇ.

ಡಾಕ್ಟರ ಜೊತೆ ಕೂತು ಮಾತಾಡಿದೆ. ಬ್ರಿಟನ್ನಿನಲ್ಲಿ 478 ಜನರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರು ತೋರಿಸಿದರು. ಇವರೆಲ್ಲ ಬಹುಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಬಿಡಬಹುದು ಅನ್ನುವಷ್ಟು ಚೆನ್ನಾಗಿದ್ದವರು. ಬಿಟ್ಟವರಲ್ಲಿ ಶೇ. 56 ಜನರಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲಿ ಶೇ. 39. ಅಂದರೆ ಬಿಟ್ಟವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಚೆನ್ನಾಗಿದ್ದರು. ಬಿಡಬೇಕೆಂದಿರುವವರು ಇದನ್ನೂ ನೋಡಿ. ನಾನು ಆ ಅರ್ಧದಲ್ಲಿಲ್ಲ, ಅಷ್ಟೇ.

ಈಗ ಮತ್ತೆ 10 ಮಿಲಿಗ್ರಾಂ, ಎಂಟು ತಿಂಗಳಾಯಿತು. ಬಿಡಲಾಗದೆ ತಿನ್ನುತ್ತಿದ್ದೇನೆ ಅನ್ನುವ ಆ ಹಳೇ ಚುಚ್ಚು ಈಗಿಲ್ಲ. ವರ್ಷಕ್ಕೊಮ್ಮೆ ಕೂತು ಮತ್ತೆ ಯೋಚಿಸೋಣ ಎಂದು ಮಾತಾಗಿದೆ. ಬೆವರು ಜಾಸ್ತಿ, ಮಲಗುವ ಕೋಣೆಯಲ್ಲಿ ಆಸೆ ಕಡಿಮೆ, ಇವೆರಡೂ ವಾಪಸ್ ಬಂದಿವೆ. ಸಂಗಾತಿಗೆ ಮೊದಲೇ ಹೇಳಿದ್ದೆ, ಅದರಿಂದ ಒಳ್ಳೆಯದೇ ಆಯಿತು.

ಮಾತ್ರೆಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಬಿಡಿಸುವ ವ್ಯವಸ್ಥೆಗೆ ಒಂದು, ಅದೂ ಆ ಸಿರಿಂಜ್‌ಗೆ. ಹಠಾತ್ತನೆ ನಿಲ್ಲಿಸಬೇಡಿ, ಒಬ್ಬರೇ ನಿಲ್ಲಿಸಬೇಡಿ. ಮಾತ್ರೆ ಮಾಡುವವರು ಸಾಮಾನ್ಯವಾಗಿ 5 ಮಿಲಿಗ್ರಾಂಗೇ ನಿಂತಿದ್ದಾರೆ. 2, 1, ಅರ್ಧ ಮಿಲಿಗ್ರಾಂ ಮಾತ್ರೆ ಮಾಡಿದರೆ ಎಷ್ಟೋ ಜನರ ಆ ಎರಡು ವಾರ ತಪ್ಪುತ್ತದೆ. ಮಗು ಈಗ ಹಾಡನ್ನು ಸರಿಯಾಗಿ ಕಲಿತಿದೆ. ಕೇಳುತ್ತೇನೆ, ಖುಷಿಯಾಗುತ್ತದೆ, ಕಣ್ಣು ಮಾತ್ರ ಒದ್ದೆಯಾಗುವುದಿಲ್ಲ.