ತಂತ್ರಜ್ಞಾನದ ಇತಿಹಾಸ ಕಲಿಯೋಕೆ ಮೊಬೈಲ್, ಮ್ಯೂಸಿಯಂ, ಕ್ಲಾಸು: ನಾನು ಮೂರನ್ನೂ ನೋಡಿದೆ

ಎಂಜಿನಿಯರಿಂಗ್ ಮುಗಿಸಿ ಆರು ವರ್ಷ ಕೆಲಸ ಮಾಡಿದ ಮೇಲೆ ನನಗೆ ತಂತ್ರಜ್ಞಾನದ ಇತಿಹಾಸದ ಹುಚ್ಚು ಹತ್ತಿತು.

ಮೊದಲು ಮೊಬೈಲಿನಲ್ಲಿ ಪುಕ್ಕಟೆ ಉಪನ್ಯಾಸ ಕೇಳಿದೆ. ನ್ಯೂಕಾಮೆನ್ 1712ರಲ್ಲಿ ಮಾಡಿದ ಉಗಿ ಎಂಜಿನ್ ಯಾಕೆ ಅಷ್ಟೊಂದು ಕಲ್ಲಿದ್ದಲು ತಿನ್ನುತ್ತಿತ್ತು, ಜೇಮ್ಸ್ ವಾಟ್ ಅದನ್ನು ಹೇಗೆ ಕಡಿಮೆ ಮಾಡಿದ ಅನ್ನೋದು ಚೆನ್ನಾಗಿ ತಿಳಿಯಿತು. ಆದರೆ ಅನುಮಾನ ಬಂದರೆ ಕೇಳೋದು ಯಾರನ್ನ? ನಾಲ್ಕನೇ ಪಾಠಕ್ಕೆ ನಿದ್ದೆ ಹೋದೆ.

ಆಮೇಲೆ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಮ್ಯೂಸಿಯಂ. ಅಲ್ಲಿ ಎಚ್‌ಎಫ್-24 ಮಾರುತ್ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ನಮ್ಮೂರಲ್ಲೇ ರೂಪಿಸಿದ ಯುದ್ಧವಿಮಾನ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ. ಸುತ್ತ ಎರಡು ಸುತ್ತು ಹಾಕಿ, ಫೋಟೋ ತೆಗೆದುಕೊಂಡು ಮನೆಗೆ ಬಂದೆ. ಅಷ್ಟೇ.

ಕೊನೆಗೆ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರಿನ ಪೇಪರ್ ತೆಗೆದುಕೊಂಡೆ. ಅಲ್ಲೂ ಮಾರುತ್ ಬಂತು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ವಿಮಾನ ಇಷ್ಟು ಚೆನ್ನಾಗಿದ್ದರೆ ಯಾಕೆ ಮುಂದುವರಿಯಲಿಲ್ಲ?" ಎಂಜಿನ್ ಸಾಲಲಿಲ್ಲ ಸಾರ್ ಅಂದೆವು. "ಯಾಕೆ ಸಾಲಲಿಲ್ಲ?" ಎರಡು ವಾರ ಅದೇ ನಡೆಯಿತು. ಕೊನೆಗೆ ತಿಳಿದದ್ದು ಇದು: ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಿಸೋ ಆಸೆಯಿಂದ ವಿಮಾನದ ಮೈ ರೂಪಿಸಿದ್ದರು. ಅದಕ್ಕೆ ಬೇಕಿದ್ದ ಬಲವಾದ ಆರ್ಫಿಯಸ್ ಎಂಜಿನ್ ಅಭಿವೃದ್ಧಿಗೆ ಬ್ರಿಟನ್ ಕಡೆಯವರು ದುಡ್ಡು ಕೇಳಿದರು, ನಾವು ಕೊಡಲಿಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ಸೇ ಗತಿಯಾಯಿತು. ಈಜಿಪ್ಟಿನ ಎಂಜಿನ್ನನ್ನೂ ಹಾಕಿ ನೋಡಿದರು, ಕೈಗೂಡಲಿಲ್ಲ. ಇರುವ ಎಂಜಿನ್ನಿಗೇ ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಜೋಡಿಸಿದ ಮಾರುತ್ ಹಾರಿಸುವಾಗ, 1970ರಲ್ಲಿ, ಪೈಲಟ್ ಸುರಂಜನ್ ದಾಸ್ ತೀರಿಕೊಂಡರು. ಮೊದಲ ಹಾರಾಟ ಮಾಡಿದ್ದೂ ಅವರೇ.

ಸುರಂಜನ್ ದಾಸ್ ರಸ್ತೆ! ಆಫೀಸಿಗೆ ಹೋಗುವಾಗ ದಿನಾ ಟ್ರಾಫಿಕ್ಕಿಗೆ ಬೈದುಕೊಂಡು ದಾಟುವ ರಸ್ತೆ. ಹೆಸರು ಯಾರದು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಹಾಗಂತ ಕ್ಲಾಸು ಸ್ವರ್ಗವೇನಲ್ಲ. ಮಧ್ಯಾಹ್ನ ಎರಡಕ್ಕೆ ಪಾಠ, ಮುದ್ದೆ ಉಂಡು ಬಂದರೆ ಕಣ್ಣು ಎಳೆಯುತ್ತದೆ. ಹಾಜರಿ ಕಾಟ ಬೇರೆ. ಬೇಕಾದ ಪುಸ್ತಕ ಲೈಬ್ರರಿಯಲ್ಲಿ ಒಂದೇ ಪ್ರತಿ, ಅದೂ ಯಾರದೋ ಕೈಯಲ್ಲಿ. ಎರಡು ವಾರ ಅಷ್ಟು ಜಗಳ ಆಡಿಸಿ, ಪರೀಕ್ಷೆಯಲ್ಲಿ ಮಾತ್ರ "ಐದು ಕಾರಣ ಬರೆಯಿರಿ" ಅಂತ ಕೇಳಿದ್ದರು!

ಆದರೂ ನನ್ನ ಓಟು ಕ್ಲಾಸಿಗೇ. ಮ್ಯೂಸಿಯಂ ನೋಡಿಕೊಂಡು ಕ್ಲಾಸಿಗೆ ಹೋದರೆ ಇನ್ನೂ ಜಾಸ್ತಿ ಸಿಗುತ್ತದೆ. ಕೆಲಸ ಬಿಡೋಕೆ ಆಗಲ್ಲ ಅನ್ನುವವರು ಸುಮ್ನೆ ಕೂತು ಕೇಳೋಕೆ ಬಿಡ್ತೀರಾ ಅಂತ ಮೇಷ್ಟ್ರನ್ನೇ ಕೇಳಿ ನೋಡಿ. ಆಗ ಪರೀಕ್ಷೆಯ ರಗಳೆಯೂ ಇರಲ್ಲ, ಅಲ್ವಾ?