ಝಿಪ್ ತೆಗೆದು ನೋಡದೆ ಹಾಸಿಗೆ ತರಬೇಡಿ

ಹೊಸ ಹಾಸಿಗೆ ತಂದು ಎಂಟು ತಿಂಗಳಾಯಿತು. ತಂದ ವಾರವೇ ಬರೆಯೋಣ ಅಂದುಕೊಂಡಿದ್ದೆ. ಆದರೆ ಮೊದಲ ವಾರ ಯಾವ ಹಾಸಿಗೆಯಾದರೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಒಂದು ಬೇಸಿಗೆ, ಒಂದು ಮಳೆಗಾಲ ದಾಟಲಿ ಅಂತ ಕಾದೆ. ಮುಂಬೈ ಕಡೆ ಹಾಸಿಗೆಗೆ ಅಸಲಿ ಪರೀಕ್ಷೆ ಮಳೆಗಾಲವೇ.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ನಾನು, ನಮ್ಮವರು, ಮತ್ತೆ ವರ್ಷಕ್ಕೆ ಆರು ತಿಂಗಳು ಗದಗಿನಿಂದ ಬಂದು ಇರುವ ನಮ್ಮ ಅತ್ತೆ. ನಮ್ಮವರು ಬೆಳಿಗ್ಗೆ ಲೋಕಲ್‌ನಲ್ಲಿ ದಾದರ್ ತನಕ ನಿಂತೇ ಹೋಗುತ್ತಾರೆ, ರಾತ್ರಿ ನಿಂತೇ ಬರುತ್ತಾರೆ. ಅಷ್ಟು ನಿಂತ ಮೈಗೆ ರಾತ್ರಿಯಾದರೂ ನೆಟ್ಟಗೆ ಮಲಗಲು ಜಾಗ ಬೇಕು. ಹೋದ ವರ್ಷ ಅವರು ಬೆಳಿಗ್ಗೆ ಎದ್ದ ಕೂಡಲೇ ಸೊಂಟ ಹಿಡಿದುಕೊಂಡು ಎರಡು ನಿಮಿಷ ಮಂಚದ ಅಂಚಿಗೆ ಕೂರುತ್ತಿದ್ದರು. ಅದನ್ನು ದಿನಾ ನೋಡಿ ನೋಡಿ ನನಗೆ ಸಾಕಾಗಿತ್ತು.

ಹಳೆಯ ಹಾಸಿಗೆ ಆನ್‌ಲೈನ್‌ನಲ್ಲಿ ತರಿಸಿದ್ದು. 8 ಇಂಚಿನ ಮೆಮೊರಿ ಫೋಮ್. ಸುರುಳಿ ಸುತ್ತಿ ಡಬ್ಬದಲ್ಲಿ ಬಂತು, ನಮ್ಮ ಸಣ್ಣ ಲಿಫ್ಟಿನಲ್ಲಿ ಸಲೀಸಾಗಿ ಮೇಲೆ ಬಂತು, ಅದೊಂದು ಅನುಕೂಲ ನಿಜ. ಬಿಚ್ಚಿಟ್ಟ ಎರಡು ದಿನಕ್ಕೆ ಉಬ್ಬಿತು, ವಾಸನೆ ಹೋಗಲು ವಾರ ಹಿಡಿಯಿತು. ಮೆಮೊರಿ ಫೋಮ್ ಅನ್ನೋದು 1966ರಲ್ಲಿ ನಾಸಾದ ಕೆಲಸಕ್ಕೆ ಅಂತ ತಯಾರಾದ ವಸ್ತು. ಮೈಯ ಬಿಸಿಗೆ ಮೆತ್ತಗಾಗಿ ಮೈಯ ಆಕಾರಕ್ಕೆ ತಗ್ಗುವುದೇ ಅದರ ಗುಣ. ಎಸಿ ಕೋಣೆಯಲ್ಲಿ ಅದು ಸುಖವೇ. ಆದರೆ ನಮ್ಮಲ್ಲಿ ಫ್ಯಾನ್ ಮಾತ್ರ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಜಾಸ್ತಿ ಮೆತ್ತಗಾಗಿ ಮೈ ಒಳಗೆ ಇಳಿದುಬಿಡುತ್ತಿತ್ತು, ಇಳಿದ ಕಡೆ ಗಾಳಿ ಆಡುವುದಿಲ್ಲ, ರಾತ್ರಿ ಎರಡಕ್ಕೆ ಬೆನ್ನೆಲ್ಲ ಬೆವರಿ ಎಚ್ಚರ.

ಎರಡನೇ ವರ್ಷ ನಮ್ಮವರ ಮಗ್ಗುಲಲ್ಲಿ ಹೊಂಡ ಬಿತ್ತು. ಅವರು 84 ಕಿಲೋ, ನಾನು 55. ರಾತ್ರಿ ನಾನೂ ಅದೇ ಹೊಂಡದ ಕಡೆ ಜಾರುತ್ತಿದ್ದೆ. ಹತ್ತು ವರ್ಷದ ವಾರಂಟಿ ಇದೆಯಲ್ಲ ಅಂತ ಫೋನ್ ಮಾಡಿದೆವು. ಒಬ್ಬ ಹುಡುಗ ಬಂದ, ಹಾಸಿಗೆ ಮೇಲೆ ಅಡ್ಡಡ್ಡ ಒಂದು ಕೋಲು ಇಟ್ಟ, ಸ್ಕೇಲಿನಲ್ಲಿ ಹೊಂಡ ಅಳೆದ, ಫೋಟೋ ತೆಗೆದ, ಹೋದ. ಹೊಂಡ 3 ಸೆಂಟಿಮೀಟರ್ ಇತ್ತು. ವಾರಂಟಿ ಕಾರ್ಡಿನಲ್ಲಿ ಬರೆದಿದ್ದು ಒಂದೂವರೆ ಇಂಚು, ಅಂದರೆ 3.8 ಸೆಂಟಿಮೀಟರ್. ಅದೂ ಯಾರೂ ಮಲಗದೆ ಖಾಲಿ ಇದ್ದಾಗಿನ ಲೆಕ್ಕ. 84 ಕಿಲೋ ಮನುಷ್ಯ ಮಲಗಿದರೆ ಆ ಹೊಂಡ ಎಷ್ಟಾಗುತ್ತದೆ ಅಂತ ಕಾರ್ಡಿಗೆ ಬೇಕಾಗಿಲ್ಲ. ಬದಲಿ ಕೊಡಲಿಲ್ಲ. ನನಗೆ ತುಂಬಾ ಬೇಜಾರಾಯಿತು, ಈಗಲೂ ಇದೆ. ಹಾಗಾಗಿ ಹೇಳುತ್ತಿದ್ದೇನೆ, ವಾರಂಟಿ ಎಷ್ಟು ವರ್ಷ ಅಂತ ಆಮೇಲೆ ನೋಡಿ, ಎಷ್ಟು ಆಳಕ್ಕೆ ಒಪ್ಪುತ್ತಾರೆ ಅಂತ ಮೊದಲು ನೋಡಿ. ಕಲೆ ಬಿದ್ದರೆ ವಾರಂಟಿ ಇಲ್ಲ ಅಂತಲೂ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನೂ ಓದಿ.

ಜುಲೈನಲ್ಲಿ ಹಾಸಿಗೆ ಎತ್ತಿ ನೋಡಿದರೆ ಕೆಳಗಡೆ ಬೂಷ್ಟು. ಕಪ್ಪು ಚುಕ್ಕೆ ಚುಕ್ಕೆ. ಇದರಲ್ಲಿ ಕಂಪನಿ ತಪ್ಪಿಲ್ಲ. ನಮ್ಮದು ಸಾಮಾನು ಇಡುವ ಬಾಕ್ಸ್ ಮಂಚ, ಮೇಲೆ ಇಡೀ ಪ್ಲೈವುಡ್ ಹಲಗೆ, ಒಂದು ತೂತೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಊರಿದು. ಮೈಯ ಬೆವರು ಕೆಳಗೆ ಇಳಿಯುತ್ತದೆ, ಹಲಗೆ ಹತ್ತಿರ ಬಂದು ನಿಲ್ಲುತ್ತದೆ, ಒಣಗಲು ದಾರಿ ಇಲ್ಲ. ಆಮೇಲೆ ಬಡಗಿಯನ್ನು ಕರೆಸಿ ಹಲಗೆಗೆ ಸಾಲಾಗಿ ತೂತು ಹೊಡೆಸಿದೆವು. ಅರ್ಧ ಗಂಟೆ ಕೆಲಸ. ಹೊಸ ಹಾಸಿಗೆ ತರುವ ಮೊದಲು ದಯವಿಟ್ಟು ಇದನ್ನು ಮಾಡಿಸಿ, ಎಷ್ಟೇ ದುಬಾರಿ ಹಾಸಿಗೆ ತಂದರೂ ಗಾಳಿ ಇಲ್ಲದ ಹಲಗೆ ಮೇಲೆ ಅದೇ ಗತಿ.

ಆಮೇಲೆ ಶುರುವಾಯಿತು ಅಂಗಡಿ ಸುತ್ತಾಟ. ಡೊಂಬಿವಲಿಯಲ್ಲಿ ಎರಡು, ಕಲ್ಯಾಣದಲ್ಲಿ ಎರಡು. ಎಲ್ಲ ಕಡೆ ಮೊದಲು ಕಂಪನಿ ಹೆಸರೇ ಹೇಳುತ್ತಾರೆ. ಕರ್ಲಾನ್ ಬೇಕಾ, ಸ್ಲೀಪ್‌ವೆಲ್ ಬೇಕಾ ಅಂತ. 2023ರಲ್ಲಿ ಸ್ಲೀಪ್‌ವೆಲ್ ಮಾಡುವ ಶೀಲಾ ಫೋಮ್ ಕಂಪನಿಯೇ ಕರ್ಲಾನ್ ಕೊಂಡುಕೊಂಡಿದೆ, ಹಾಗಾಗಿ ಬರೀ ಆ ಎರಡು ಹೆಸರಿನ ನಡುವೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಒಂದೇ ಕಂಪನಿಯಲ್ಲೂ ಹತ್ತು ದರ್ಜೆ ಇರುತ್ತವೆ. ಒಳಗೆ ಏನಿದೆ ಅಂತ ಕೇಳಬೇಕು.

ಒಳಗೆ ಏನಿದೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, 40 ಡೆನ್ಸಿಟಿ ಮೇಡಂ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ, ಅಷ್ಟೇ. ಅದು ಮೆತ್ತಗೋ ಗಟ್ಟಿಯೋ ಅನ್ನುವುದು ಬೇರೆ ಮಾತು. 40 ಡೆನ್ಸಿಟಿಯಲ್ಲಿ ಮೆತ್ತನೆಯದೂ ಇದೆ, ಗಟ್ಟಿಯದೂ ಇದೆ. ಆದರೆ ಒಂದೇ ಜಾತಿಯ ಫೋಮ್‌ನಲ್ಲಿ ಡೆನ್ಸಿಟಿ ಜಾಸ್ತಿ ಇದ್ದರೆ ಬೇಗ ಹೊಂಡ ಬೀಳುವುದಿಲ್ಲ. ಡೆನ್ಸಿಟಿ ಅಂದರೆ ತೂಕವೇ ಆದ್ದರಿಂದ ಅದನ್ನು ತೂಗಿಯೇ ನೋಡಬಹುದು. ಇದು ನನಗೆ ಹೊಳೆದದ್ದು ಎರಡನೇ ಅಂಗಡಿಯಿಂದ ಹೊರಗೆ ಬಂದ ಮೇಲೆ.

ಲೆಕ್ಕ ಸುಲಭ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ, 61,000ದಿಂದ ಭಾಗಿಸಿ, ಬಂದಿದ್ದನ್ನು ಡೆನ್ಸಿಟಿಯಿಂದ ಗುಣಿಸಿ. ಅಷ್ಟು ಕಿಲೋ ಇರಬೇಕು. 72 × 60 ಹಾಸಿಗೆಗೆ 4 ಇಂಚು ಫೋಮ್ ಅಂದರೆ 17,280. ಭಾಗಿಸಿದರೆ 0.283. 40 ಡೆನ್ಸಿಟಿ ಆಗಿದ್ದರೆ 11 ಕಿಲೋ 300 ಗ್ರಾಂ ಬರಬೇಕು. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ಮಷೀನ್ ಮನೆಯಲ್ಲಿತ್ತು, ಅದನ್ನು ಪರ್ಸಿಗೆ ಹಾಕಿಕೊಂಡು ಕಲ್ಯಾಣಕ್ಕೆ ಹೋದೆ. ಮೂರನೇ ಅಂಗಡಿಯವನು ತೂಗಲು ಬಿಡಲೇ ಇಲ್ಲ. ನಾಲ್ಕನೆಯವನು ಬಿಟ್ಟ. 40 ಅಂತ ಹೇಳಿದ್ದ 4 ಇಂಚಿನ ಫೋಮ್ ಎಂಟೂವರೆ ಕಿಲೋ ತೂಗಿತು. ಅಂದರೆ ಅದು 30. ಅವನಿಗೂ ಗೊತ್ತಿತ್ತೋ ಇಲ್ಲವೋ, ಸುಮ್ನೆ ಅವನ ಮೇಲೆ ಹಾಕುವುದು ಬೇಡ, ಆದರೆ ನಾವು 40ರ ದುಡ್ಡು ಕೊಡುತ್ತಿದ್ದೆವು.

ಇನ್ನೊಂದು ಮಾತು ಆರ್ಥೋ. ಬೆನ್ನುನೋವು ಅಂತ ಬಾಯಿ ಬಿಟ್ಟರೆ ಸಾಕು, ಆರ್ಥೋಪೆಡಿಕ್ ಹಾಸಿಗೆ ಅಂತ ಹಲಗೆಯಂಥ ಗಟ್ಟಿ ಹಾಸಿಗೆ ಮುಂದೆ ತಂದಿಡುತ್ತಾರೆ. ಒಳಗೆ ಹೆಚ್ಚಾಗಿ ರೀಬಾಂಡೆಡ್ ಫೋಮ್ ಇರುತ್ತದೆ, ಅಂದರೆ ಬೇರೆ ಬೇರೆ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಬಣ್ಣ ಬಣ್ಣದ ಚೂರು ಕಾಣುತ್ತವೆ, ನೋಡಿದರೆ ಗೊತ್ತಾಗುತ್ತದೆ. ಕೆಳಗಿನ ಪದರಕ್ಕೆ ಅದು ಸರಿ, ಮೈಗೆ ನೇರವಾಗಿ ಅಲ್ಲ. ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದು ಅನ್ನುವುದು ನಮ್ಮಲ್ಲಿ ಎಷ್ಟು ಬೇರು ಬಿಟ್ಟಿದೆ ಅಂದರೆ, ಅತ್ತೆ ಮಗನಿಗೆ ನೆಲದ ಮೇಲೇ ಮಲಗು ಅಂತ ಹೇಳುತ್ತಿದ್ದರು. ಆದರೆ ಸ್ಪೇನ್‌ನಲ್ಲಿ ಬಹಳ ದಿನದಿಂದ ಸೊಂಟನೋವಿದ್ದ 313 ಜನರಿಗೆ ಹಾಸಿಗೆ ಕೊಟ್ಟು 90 ದಿನ ನೋಡಿದ ಒಂದು ಅಧ್ಯಯನ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಪೂರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೆ ನೋವು ಚೆನ್ನಾಗಿ ಇಳಿದಿತ್ತು. ಅದನ್ನು ಓದಿದ ಮೇಲೆ ನಾನು ಗಟ್ಟಿ ಹಾಸಿಗೆ ತೋರಿಸಬೇಡಿ ಅಂತ ಮೊದಲೇ ಹೇಳತೊಡಗಿದೆ.

ಪಾಕೆಟ್ ಸ್ಪ್ರಿಂಗ್ ಕೂಡ ನೋಡಿದೆವು. ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ ಇರುವುದರಿಂದ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಅಲುಗಾಟ ಬರುವುದಿಲ್ಲ, ಹಳೆ ಕಾಲದ ಒಂದಕ್ಕೊಂದು ಕಟ್ಟಿದ ಸ್ಪ್ರಿಂಗಿನ ಹಾಗಲ್ಲ. ಗಾಳಿಯೂ ಆಡುತ್ತದೆ. ಮಲಗಿದಾಗ ಇಷ್ಟವೂ ಆಯಿತು. ಆದರೆ ಸುತ್ತ ಹೊಲಿದುಬಿಟ್ಟಿರುತ್ತಾರೆ, ಒಳಗೆ ನೋಡಲು ಆಗುವುದಿಲ್ಲ. ಅಷ್ಟೊತ್ತಿಗೆ ನನಗೆ ನೋಡದೆ ಕೊಳ್ಳುವ ಧೈರ್ಯ ಹೋಗಿತ್ತು.

ಕೊನೆಗೆ ತಂದಿದ್ದು ಉಲ್ಲಾಸನಗರದಿಂದ. ಕಲ್ಯಾಣ ದಾಟಿದರೆ ವಿಠ್ಠಲವಾಡಿ, ಆಮೇಲೆ ಉಲ್ಲಾಸನಗರ. ಫರ್ನಿಚರ್ ಬಜಾರಿಗೆ ಹೆಸರಾದ ಊರು. ಅಲ್ಲಿ ಫೋಮ್ ಕತ್ತರಿಸಿ ಅಳತೆಗೆ ಹಾಸಿಗೆ ಮಾಡಿಕೊಡುವ ಅಂಗಡಿಗಳಿವೆ. ನಾವು ಹೋದದ್ದು ವಯಸ್ಸಾದ ಒಬ್ಬರ ಅಂಗಡಿ, ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಮುಂದೆ ಅಂಗಡಿ, ಹಿಂದೆ ಹೊಲಿಗೆ ಮಷೀನ್. ನಾನು ತೂಗಬಹುದಾ ಅಂತ ಹಿಂದಿಯಲ್ಲಿ ಕೇಳಿದ್ದೇ ತಡ, ಬೇಟಾ, ನನ್ನ ಹತ್ತಿರವೇ ಕಾಂಟಾ ಇದೆ ಅಂತ ತಾವೇ ತೂಗಿ ತೋರಿಸಿದರು. 11 ಕಿಲೋ 200. ನೂರು ಗ್ರಾಂ ಹೆಚ್ಚು ಕಮ್ಮಿ ಇದ್ದರೆ ಪರವಾಗಿಲ್ಲ.

ಅವರು ಮಾಡಿಕೊಟ್ಟಿದ್ದು ಹೀಗೆ. ಕೆಳಗೆ 4 ಇಂಚು ಎಚ್‌ಆರ್ ಫೋಮ್ (ಹೈ ರೆಸಿಲಿಯನ್ಸ್, ಅಂದರೆ ಒತ್ತಿ ಬಿಟ್ಟರೆ ಬೇಗ ಮೊದಲಿನ ಹಾಗಾಗುವ ಫೋಮ್), 40 ಡೆನ್ಸಿಟಿ. ಮೇಲೆ 2 ಇಂಚು ಲೇಟೆಕ್ಸ್. ಲೇಟೆಕ್ಸ್ ಅಂದರೆ ರಬ್ಬರ್ ಮರದ ಹಾಲಿನಿಂದ ಮಾಡಿದ್ದು, ನಮ್ಮ ದೇಶದ ರಬ್ಬರ್ ಬಹುಪಾಲು ಬರುವ ಕೇರಳದ್ದೇ ಮಾಲು ಅಂತ ಕಾಕಾ ಹೇಳಿದರು. ಅದರ ತುಂಬ ಸಣ್ಣ ಸಣ್ಣ ತೂತು ಇರುತ್ತವೆ, ಅಚ್ಚಿನಲ್ಲಿ ಎರೆಯುವಾಗಲೇ ಬರುವ ತೂತು, ಅದರಿಂದ ಗಾಳಿ ಆಡುತ್ತದೆ. ಒತ್ತಿ ಬಿಟ್ಟರೆ ತಕ್ಷಣ ಮೇಲೆ ಬರುತ್ತದೆ, ಮೆಮೊರಿ ಫೋಮ್ ಹಾಗೆ ನಿಧಾನ ಇಲ್ಲ. ಭಾರ ಜಾಸ್ತಿ, ಆ 2 ಇಂಚೇ ಹತ್ತಿರ ಹತ್ತಿರ 11 ಕಿಲೋ. ಕವರಿಗೆ ಮೂರು ಕಡೆ ಝಿಪ್, ತೆಗೆದು ಒಳಗೆ ಏನಿದೆ ಅಂತ ನೋಡಬಹುದು, ಕವರ್ ಒಗೆಯಬಹುದು. ಎಲ್ಲ ಸೇರಿ 18,500 ರೂಪಾಯಿ, ಟೆಂಪೋ ಬೇರೆ. ಬರೀ ಲೇಟೆಕ್ಸ್‌ನಲ್ಲೇ ಪೂರ್ತಿ ಹಾಸಿಗೆ ಮಾಡಿಸಿದ್ದರೆ ಇದರ ದುಪ್ಪಟ್ಟಾಗುತ್ತಿತ್ತು.

ಅಂಗಡಿಯಲ್ಲಿ ಕಾಲು ಗಂಟೆ ಮಲಗಿದೆವು. ನಾಚಿಕೊಳ್ಳಬೇಡಿ, ಚಪ್ಪಲಿ ಬಿಟ್ಟು ನೀವು ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೇ ಮಲಗಿ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ. ಕೈ ಸರಾಗ ಆ ಕಡೆ ಹೋದರೆ ಹಾಸಿಗೆ ನಿಮಗೆ ಗಟ್ಟಿ. ಹೋಗಲೇ ಕಷ್ಟವಾದರೆ ತೀರಾ ಮೆತ್ತಗೆ. ಮಗ್ಗುಲಾಗಿ ಮಲಗುವವರಾದರೆ ಭುಜ ಸ್ವಲ್ಪ ಒಳಗೆ ಇಳಿಯಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕೈ ಜೋಮು ಹಿಡಿಯುತ್ತದೆ. ಇಬ್ಬರು ಮಲಗುವ ಹಾಸಿಗೆಯನ್ನು ಇಬ್ಬರೂ ಹೋಗಿ ನೋಡಿ. ಒಬ್ಬರೇ ಹೋಗಿ ಆರಿಸಿದರೆ ಇನ್ನೊಬ್ಬರ ತೂಕದ ಲೆಕ್ಕ ಬಿಟ್ಟುಹೋಗುತ್ತದೆ.

ಅತ್ತೆಗೆ ಇದು ಯಾವುದೂ ಒಪ್ಪಿಗೆ ಇರಲಿಲ್ಲ. ಅವರಿಗೆ ಹತ್ತಿ ಗಾದಿಯೇ ಗಾದಿ. ಗದಗಿನ ಮನೆಯಲ್ಲಿ ಪಿಂಜಾರ ಬಂದು ಅಂಗಳದಲ್ಲಿ ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದ, ಆ ದಿನ ರಾತ್ರಿ ಬರುತ್ತಿದ್ದ ನಿದ್ದೆ ಆಮೇಲೆ ಯಾವ ಹಾಸಿಗೆ ಮೇಲೂ ಬಂದಿಲ್ಲ ಅನ್ನುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತಿ ತಂಪು, ಗಂಟು ಕಟ್ಟಿದರೆ ಮತ್ತೆ ಹಿಂಜಿಸಿ ಹೊಸದು ಮಾಡಬಹುದು, ಎಸೆಯುವ ಮಾತೇ ಇಲ್ಲ. ಆದರೆ ಅದಕ್ಕೆ ಬಿಸಿಲು ಬೇಕು, ಮಾಳಿಗೆ ಬೇಕು. ನಾಲ್ಕನೇ ಮಹಡಿಯಲ್ಲಿ, ನಾಲ್ಕು ತಿಂಗಳು ಸೂರ್ಯನೇ ಕಾಣದ ಕಡೆ, ಹತ್ತಿ ತೇವ ಹೀರಿ ಕಲ್ಲಾಗುತ್ತದೆ.

ಅವರಿಗೆ ಬೇರೆ ತೊಂದರೆಯೂ ಇತ್ತು, ನಾನೇ ತಡವಾಗಿ ಗಮನಿಸಿದ್ದು. ಅವರು ಮಧ್ಯಾಹ್ನ ನಮ್ಮ ಮಂಚದ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. 14 ಇಂಚು ಮಂಚ, 8 ಇಂಚು ಹಾಸಿಗೆ, 22 ಆಯಿತು. ಮಂಡಿನೋವಿನ ಹೆಂಗಸು ಪ್ರತಿ ಸಲ ಜಾರಿ ಇಳಿಯಬೇಕು. ವಯಸ್ಸಾದವರಿಗೆ ಹಾಸಿಗೆ ಸೇರಿ ಮಂಡಿಯ ಎತ್ತರಕ್ಕೆ ಬರಬೇಕು, 18 ಇಂಚಿನ ಆಸುಪಾಸು. ಹಾಗಾಗಿ ಅವರ ಒಂಟಿ ಮಂಚಕ್ಕೆ 4 ಇಂಚಿನ ಕಾಯರ್ ಹಾಸಿಗೆ ತಂದೆವು, ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಒತ್ತಿದ್ದು. ಗಾಳಿ ಆಡುತ್ತದೆ, ಅಂಚು ಗಟ್ಟಿ, ಕೈ ಊರಿ ಏಳಲು ಸುಲಭ. ಅದರ ಮೇಲೆ ಊರಿನಿಂದಲೇ ತಂದ ತೆಳು ಹತ್ತಿ ಗಾದಿ ಹಾಸಿದ್ದೇವೆ. ತೆಳುವಾದ್ದರಿಂದ ಫ್ಯಾನ್ ಕೆಳಗೂ ಒಣಗುತ್ತದೆ. ಅವರು ಖುಷಿಯಾಗಿದ್ದಾರೆ. ಬೂರುಗದ ಹತ್ತಿ ದಿಂಬು ಮಾತ್ರ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಎಂಟು ತಿಂಗಳ ಮೇಲೆ ನಮ್ಮ ಹಾಸಿಗೆ ಹೇಗಿದೆ ಅಂದರೆ, ಹೊಂಡ ಇಲ್ಲ. ಕೋಲು ಇಟ್ಟು ಮೊನ್ನೆ ನಾನೇ ಅಳೆದೆ. ಮೇ ತಿಂಗಳಲ್ಲೂ ಬೆನ್ನು ಬೆವರಿ ಎದ್ದಿದ್ದು ನೆನಪಿಲ್ಲ. ಮಳೆಗಾಲ ಮುಗಿದ ಮೇಲೆ ಎತ್ತಿ ನೋಡಿದೆ, ಕೆಳಗೆ ಬೂಷ್ಟು ಇಲ್ಲ. ನಮ್ಮವರ ಸೊಂಟ ಪೂರ್ತಿ ವಾಸಿಯಾಯಿತು ಅಂತ ಹೇಳಲಾರೆ, ದಾದರ್ ತನಕ ನಿಲ್ಲುವುದು ತಪ್ಪಿಲ್ಲವಲ್ಲ. ಆದರೆ ಬೆಳಿಗ್ಗೆ ಮಂಚದ ಅಂಚಿಗೆ ಕೂರುವುದು ನಿಂತಿದೆ. ಎದ್ದವರೇ ನೇರ ಚಹಾ ಇಡಲು ಹೋಗುತ್ತಾರೆ.

ಕೊರತೆ ಇಲ್ಲದೆ ಇಲ್ಲ. ಅಂಚು ಮೆತ್ತಗಿದೆ, ಅಂಚಿಗೆ ಕೂತು ಸಾಕ್ಸ್ ಹಾಕಿಕೊಳ್ಳುವಾಗ ಜಾರಿದ ಹಾಗಾಗುತ್ತದೆ. ಕವರ್ ಸೇರಿ 24 ಕಿಲೋ, ಕವರ್ ಒಗೆಯಬೇಕಾದರೆ ಇಬ್ಬರು ಬೇಕು. ಒಂದು ಝಿಪ್ ಈಗಲೇ ಸಿಕ್ಕಿಹಾಕಿಕೊಳ್ಳುತ್ತಿದೆ. ಸುರುಳಿ ಮಾಡಿ ಕೊಡುವುದಿಲ್ಲ, ನಮ್ಮ ಲಿಫ್ಟಿಗೆ ಹಿಡಿಸಲಿಲ್ಲ, ಹಮಾಲರು ನಾಲ್ಕು ಮಹಡಿ ಹೊತ್ತರು. ಕಾಕಾ ಕೊಟ್ಟ ಗ್ಯಾರಂಟಿ ಬಿಲ್ಲಿನ ಹಿಂದೆ ಕೈಯಲ್ಲಿ ಬರೆದ ಐದು ವರ್ಷ. ಆನ್‌ಲೈನ್ ಕಂಪನಿಗಳು ಕೊಡುವ 100 ರಾತ್ರಿ ಮಲಗಿ ನೋಡುವ ಅವಕಾಶ ಇಲ್ಲಿ ಇಲ್ಲ, ಅಳತೆಗೆ ಕತ್ತರಿಸಿದ ಮೇಲೆ ಮುಗಿಯಿತು. ಆ ಅವಕಾಶ ಮುಖ್ಯ ಅನ್ನುವವರು ಆನ್‌ಲೈನಲ್ಲೇ ತೆಗೆದುಕೊಳ್ಳಿ, ತಪ್ಪೇನಿಲ್ಲ, ಬಂದ ದಿನವೇ ತೂಗಿ ನೋಡಿ.

ಮತ್ತೆ ಲೇಟೆಕ್ಸ್ ಅನ್ನು ಬಿಸಿಲಿಗೆ ಹಾಕಬೇಡಿ. ಮಳೆ ನಿಂತ ಮೊದಲ ದಿನ ಅತ್ತೆ ಹಾಸಿಗೆಯನ್ನು ಟೆರೇಸಿಗೆ ಒಯ್ಯೋಣ ಅಂತ ವಾಚ್‌ಮನ್‌ನನ್ನೂ ಕರೆದಿದ್ದರು, ಹತ್ತಿಗೆ ಅದೇ ಸರಿಯಾದ ಕ್ರಮ. ಲೇಟೆಕ್ಸ್ ಬಿಸಿಲಿಗೆ ಒಣಗಿ ಪುಡಿ ಪುಡಿಯಾಗುತ್ತದೆ. ಗೋಡೆಗೆ ನಿಲ್ಲಿಸಿ ಫ್ಯಾನ್ ಹಾಕಿದರೆ ಸಾಕು.

ಪುಣೆಯಲ್ಲಿರುವ ನನ್ನ ತಮ್ಮನಿಗೂ ಒಂದು ಮಾಡಿಸುತ್ತಿದ್ದೇನೆ. ಹಳೆ ಹಾಸಿಗೆ ಅಳೆದು 72 × 48 ಅಂತ ಕಳಿಸಿದ್ದ. ಹಾಸಿಗೆ ಅಲ್ಲಪ್ಪ, ಮಂಚದ ಒಳಗಿನ ಚೌಕಟ್ಟು ಅಳಿ ಅಂದೆ. ಅಳೆದರೆ 75 × 48. ಇಷ್ಟು ವರ್ಷ ಕಾಲ ಹತ್ತಿರ ಮೂರು ಇಂಚು ಖಾಲಿ ಬಿಟ್ಟು ಮಲಗಿದ್ದಾನೆ.