ಪೊರೆಯಿಂದ ಪ್ರೋಟೀನ್ ಬಿಡಿಸಲು ಯಾವ ಡಿಟರ್ಜೆಂಟ್? ಬಳ್ಳಾರಿಯಲ್ಲಿ ನಾಲ್ಕನ್ನು ಹಾಕಿ ನೋಡಿದ್ದು

ಪೊರೆಯ ಪ್ರೋಟೀನ್ ಮೇಲೆ ಪ್ರಾಜೆಕ್ಟ್ ಮಾಡಲು ಬಳ್ಳಾರಿಯಲ್ಲಿ ಕುರಿ ರಕ್ತಕ್ಕಿಂತ ಸುಲಭವಾಗಿ ಸಿಗುವ ಸಾಮಗ್ರಿ ಇಲ್ಲ. ಬೆಳಿಗ್ಗೆ ಸಿಟ್ರೇಟ್ ಹಾಕಿದ ಬಾಟಲಿ ಹಿಡಿದು ಮಟನ್ ಅಂಗಡಿಗೆ ಹೋದರಾಯಿತು. ಕೆಂಪು ಕಣಗಳನ್ನು ತೆಳು ಫಾಸ್ಫೇಟ್ ಬಫರಿನಲ್ಲಿ ಒಡೆದು, ಹಿಮೋಗ್ಲೋಬಿನ್ನಿನ ಕೆಂಪು ಹೋಗುವವರೆಗೆ ತೊಳೆದರೆ ಬಿಳಿಚಿದ ಪೊರೆ ಉಳಿಯುತ್ತದೆ.

ನನ್ನ ಪರೀಕ್ಷೆ ಒಂದೇ: ಪೊರೆಗೆ ಅಂಟಿಕೊಂಡಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವ ಡಿಟರ್ಜೆಂಟ್ ಹಾಕಿದ ಮೇಲೂ ಕೆಲಸ ಮಾಡುತ್ತದೆಯೇ? ಕಿಣ್ವ ಕತ್ತರಿಸುವ ಅಸಿಟೈಲ್‌ಥಯೋಕೋಲಿನ್ ಜೊತೆ, ಬಿಡುಗಡೆಯಾದ ಥಯೋಲ್ ಸಿಕ್ಕರೆ ಹಳದಿಯಾಗುವ ಎಲ್‌ಮನ್ ಕಾರಕ ಹಾಕಿದಾಗ ಹಳದಿ ಬಂದರೆ ಕಿಣ್ವ ಜೀವಂತ.

ಎಸ್‌ಡಿಎಸ್ (ಸೋಡಿಯಂ ಡೋಡೆಸೈಲ್ ಸಲ್ಫೇಟ್) ಅಗ್ಗ. ಮಬ್ಬಾಗಿದ್ದ ಟ್ಯೂಬು ನೋಡನೋಡುತ್ತಲೇ ತಿಳಿಯಾಗುತ್ತದೆ. ಆದರೆ ಹಳದಿ ಬರುವುದಿಲ್ಲ, ಏಕೆಂದರೆ ಇದು ಪ್ರೋಟೀನಿನ ಮಡಿಕೆಯನ್ನೇ ಬಿಚ್ಚಿಹಾಕುತ್ತದೆ. ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್ ಮೇಲೆ ಗಾತ್ರ ನೋಡುವುದಕ್ಕಷ್ಟೇ ಸರಿ. ಪೊಟ್ಯಾಸಿಯಂ ಬಫರಿಗೆ ಮಾತ್ರ ಹಾಕಬೇಡಿ, ಬಿಳಿ ಗಸಿ ಕಟ್ಟುತ್ತದೆ.

ಟ್ರೈಟಾನ್ ಎಕ್ಸ್-100 ಹಾಕಿದ ಟ್ಯೂಬಿನಲ್ಲಿ ಹಳದಿ ಚೆನ್ನಾಗಿಯೇ ಬಂತು. ಸೆಂಟ್ರಿಫ್ಯೂಜ್ ಮಾಡಿದರೆ ಪೊರೆಗೆ ಒಳಗಿನಿಂದ ಆಸರೆಯಾಗಿರುವ ಸ್ಪೆಕ್ಟ್ರಿನ್ ಪ್ರೋಟೀನಿನ ಜಾಲ ತಳದಲ್ಲಿ ಕೂರುತ್ತದೆ, ಪೊರೆಯೊಳಗೇ ಹುದುಗಿರುವ ಬ್ಯಾಂಡ್ 3 ಎಂಬ ಪ್ರೋಟೀನ್ ಬಹುಪಾಲು ಮೇಲಿನ ತಿಳಿಗೆ ಬರುತ್ತದೆ. ಕಣದ ಒಳಗಿನ ಹಂದರವನ್ನು ವಿದ್ಯಾರ್ಥಿಗಳಿಗೆ ಜೆಲ್ ಮೇಲೆ ತೋರಿಸಲು ಇದಕ್ಕಿಂತ ಚೆಂದದ ದಾರಿ ನಾನು ಕಂಡಿಲ್ಲ. ತೊಂದರೆ ಇರುವುದು ಆಮೇಲೆ. ಇದರಲ್ಲಿ ಬೆಂಜೀನ್ ಉಂಗುರ ಇರುವುದರಿಂದ 280 ನ್ಯಾನೋಮೀಟರಿನ ಅತಿನೇರಳೆ ಬೆಳಕಿನಲ್ಲಿ ಪ್ರೋಟೀನ್ ಅಳೆಯುವ ಆಸೆ ಬಿಡಬೇಕು. ಸುಮಾರು 0.2 ಮಿಲಿಮೋಲಾರಿನಲ್ಲೇ ಮೈಸೆಲ್ (ಡಿಟರ್ಜೆಂಟ್ ಅಣುಗಳ ಗುಂಪು) ಕಟ್ಟುತ್ತದೆ. ಡಿಟರ್ಜೆಂಟ್ ತೆಗೆಯಲು ಸಣ್ಣ ರಂಧ್ರಗಳ ಡಯಾಲಿಸಿಸ್ ಚೀಲದಲ್ಲಿಟ್ಟರೂ ಆ ದೊಡ್ಡ ಮೈಸೆಲ್ ಅದನ್ನು ದಾಟಿ ಹೊರಗೆ ಹೋಗುವುದೇ ಇಲ್ಲ.

ಅಲ್ಲಿ ಗೆಲ್ಲುವುದು ಆಕ್ಟೈಲ್ ಗ್ಲುಕೋಸೈಡ್. ಮೈಸೆಲ್ ಕಟ್ಟಲು ಇದಕ್ಕೆ 20 ಮಿಲಿಮೋಲಾರಿಗೂ ಮೇಲೆ ಬೇಕು, ಹಾಗಾಗಿ ಡಯಾಲಿಸಿಸ್‌ನಲ್ಲಿ ಸಲೀಸಾಗಿ ಹೊರಡುತ್ತದೆ. ಪ್ರೋಟೀನನ್ನು ಲೈಪೋಸೋಮಿನಲ್ಲಿ (ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆ) ಮತ್ತೆ ಕೂರಿಸುವವರು ಇದನ್ನೇ ತರಿಸಲಿ. ಬಹಳ ದಿನ ಇದರಲ್ಲಿಟ್ಟರೆ ಎಷ್ಟೋ ಪ್ರೋಟೀನುಗಳು ತಾಳುವುದಿಲ್ಲ.

ನನ್ನ ಆಯ್ಕೆ ಡಿಡಿಎಂ, ಅಂದರೆ ಡೋಡೆಸೈಲ್ ಮಾಲ್ಟೋಸೈಡ್. ಮೃದು, 280ರಲ್ಲಿ ಅಡ್ಡ ಬರುವುದಿಲ್ಲ, ಹಳದಿಯೂ ಗಟ್ಟಿಯಾಗಿ ಬರುತ್ತದೆ. ಗಾತ್ರಕ್ಕೆ ತಕ್ಕಂತೆ ಪ್ರೋಟೀನ್ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್ನಿನಲ್ಲಿ ಮಾತ್ರ ಪ್ರೋಟೀನಿನ ಗಾತ್ರಕ್ಕೆ ಸುಮಾರು 70 ಕಿಲೋಡಾಲ್ಟನ್ನಿನ ಮೈಸೆಲ್ಲೂ ಸೇರಿಕೊಂಡಿರುತ್ತದೆ, ಲೆಕ್ಕ ಹಾಕುವಾಗ ನೆನಪಿರಲಿ.

ಡಿಡಿಎಂ ದುಬಾರಿ. "ಅಷ್ಟು ದುಡ್ಡು ಎಲ್ಲಿಂದ ತರೋಣ ಮೇಡಂ?" ಅಂತ ಹುಡುಗರು ಕೇಳುತ್ತಾರೆ. ಪೊರೆ ಕರಗಿಸುವಾಗ ಮಾತ್ರ 1% ಹಾಕಿ. ಆಮೇಲೆ ಪ್ರೋಟೀನ್ ಶುದ್ಧೀಕರಿಸುವ ಕಾಲಮ್ ತೊಳೆಯುವ ಬಫರಿಗೆ 0.02% ಧಾರಾಳ. ಹೀಗೆ ಮಾಡಿದರೆ ಒಂದು ಗ್ರಾಮಿನಲ್ಲಿ ತೊಳೆಯುವ ಬಫರ್ ಐದು ಲೀಟರ್ ಆಗುತ್ತದೆ.